ಸಾಕ್ಷಿಗೆ ಶಿಕ್ಷೆ

ವಾಕ್ಯದಲ್ಲಿ ದೋಷ ಹುಡುಕುವುದು ನನ್ನ ವೃತ್ತಿ. ಯಂತ್ರದ ದೋಷ ಹುಡುಕುವ ವಿದ್ಯೆ ನನ್ನದಲ್ಲ. ಆದರೂ ಕಳೆದ ತಿಂಗಳು ನನ್ನ ಹಳೆಯ ಕಾರು, ನಾನು ಬಹುಕಾಲ ಮರೆಯಲಾರದ ಪಾಠವೊಂದನ್ನು ಹೇಳಿತು.

ಒಂದು ಬೆಳಗ್ಗೆ ಚಾಲಕನೆದುರಿನ ಫಲಕದಲ್ಲಿ ಇಂಜಿನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಗ್ಯಾರೇಜಿನಲ್ಲಿ ಸ್ಕ್ಯಾನರು ಜೋಡಿಸಿದಾಗ ‘ಪಿ 0171’ ಎಂಬ ಸಂಕೇತ ಬಂತು. ಇಂಜಿನಿನೊಳಗಿನ ಮಿಶ್ರಣದಲ್ಲಿ ಇರಬೇಕಾದುದಕ್ಕಿಂತ ಗಾಳಿ ಹೆಚ್ಚಾಗಿದೆಯೆಂದು ಅದರ ಅರ್ಥ. ಈ ದೂರನ್ನು ತಂದದ್ದು ಹೊಗೆಯ ಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸಾರು. ಹಾಗಾದರೆ ಕೆಟ್ಟಿರುವುದು ಅದೇ ಎಂದು ತೀರ್ಪಾಯಿತು, ಹೊಸದು ಬಂತು, ಹಳೆಯದು ಡಿಕ್ಕಿಯ ಮೂಲೆ ಸೇರಿತು. ನಾಲ್ಕೇ ದಿನಗಳಲ್ಲಿ ದೀಪ ಮತ್ತೆ ಬೆಳಗಿತು!

ಎರಡನೆಯ ಮೇಸ್ತ್ರಿ ವಯಸ್ಸಾದವನು. ಯಾವುದನ್ನೂ ಬಿಚ್ಚದೆ ಮೊದಲು ಅಳೆದು ನೋಡಿದ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಂತೆ. ಗಾಳಿ ಹೆಚ್ಚಾದರೆ ಇಂಥ ಸೆನ್ಸಾರು ಸುಮಾರು 0.1 ವೋಲ್ಟು ತೋರಿಸುತ್ತದೆ. ಪೆಟ್ರೋಲು ಹೆಚ್ಚಾದರೆ 0.9ರ ಸಮೀಪ. ಆರೋಗ್ಯವಾಗಿರುವಾಗ ಇವೆರಡರ ನಡುವೆ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ನಮ್ಮದು ಕೆಳಗೇ ನಿಂತುಬಿಟ್ಟಿತ್ತು. ಸಾಕ್ಷಿ ಸುಳ್ಳಾಡುತ್ತಿರಬೇಕು, ಇಲ್ಲವೆ ನಿಜವನ್ನೇ ಕೂಗಿ ಹೇಳುತ್ತಿರಬೇಕು. ಇದನ್ನು ತಿಳಿಯುವುದು ಹೇಗೆ?

ಆತ ಇಂಜಿನನ್ನು ನಿಧಾನವಾಗಿ ಓಡಲು ಬಿಟ್ಟು, ರಬ್ಬರು ಕೊಳವೆಗಳ ಮೇಲೆ ಕಾರ್ಬುರೇಟರು ತೊಳೆಯುವ ದ್ರವವನ್ನು ಎಚ್ಚರದಿಂದ ಚಿಮುಕಿಸುತ್ತ ಹೋದ. ಒಂದು ತಿರುವಿನಲ್ಲಿ ಮೀಟರು ಥಟ್ಟನೆ 0.8ಕ್ಕೇರಿತು. ಅಲ್ಲೊಂದು ಕೂದಲೆಳೆಯಂಥ ಬಿರುಕು! ಗಾಳಿಯನ್ನು ಲೆಕ್ಕವಿಡುವ ಸೆನ್ಸಾರಿನ ಕಣ್ಣುತಪ್ಪಿಸಿ ಅದರ ಮೂಲಕ ಗಾಳಿ ನುಸುಳುತ್ತಿತ್ತು. ಈಗ ಅದೇ ದಾರಿಯಿಂದ ದ್ರವವೂ ಒಳಹೊಕ್ಕು ಇಂಧನದಂತೆ ಉರಿಯಿತು. ಬಿರುಕಿನ ತಾವು, ಸಾಕ್ಷಿಯ ಪ್ರಾಮಾಣಿಕತೆ ಎರಡೂ ಒಂದೇ ಪರೀಕ್ಷೆಯಲ್ಲಿ ತಿಳಿದವು. ಕೊಳವೆ ಬದಲಾಯಿಸಿ, ಡಿಕ್ಕಿಯಲ್ಲಿದ್ದ ಹಳೆಯ ಸೆನ್ಸಾರನ್ನೇ ಮತ್ತೆ ಜೋಡಿಸಿದ. ಅದು ಸೊಗಸಾಗಿ ತೂಗತೊಡಗಿತು.

“ನಂಬರು ಹೇಳೋದು ಯಾರು ದೂರು ಕೊಟ್ಟರು ಅಂತ ಸ್ವಾಮಿ, ಯಾರು ತಪ್ಪು ಮಾಡಿದರು ಅಂತಲ್ಲ” ಎಂದು ಆತ ಕೈ ಒರೆಸಿಕೊಂಡ.

ಮನೆಗೆ ಬರುವ ದಾರಿಯಲ್ಲಿ ನನಗೆ ಹಿಂದಿನ ವರ್ಷದ ಒಬ್ಬ ವಿದ್ಯಾರ್ಥಿ ನೆನಪಾದ. ನನ್ನ ಛಂದಸ್ಸಿನ ಪಾಠ ಹಿಂದಿನ ಬೆಂಚುಗಳಿಗೆ ತಿಳಿಯುತ್ತಿಲ್ಲವೆಂದು ಎದ್ದುನಿಂತು ಹೇಳಿದವನು ಅವನೊಬ್ಬನೇ. ಗಮನವಿಟ್ಟು ಕೇಳುವುದನ್ನು ಮೊದಲು ಕಲಿ ಎಂದು ಎಲ್ಲರೆದುರಿಗೆ ಗದರಿಸಿ ಕೂರಿಸಿದ್ದೆ. ಆಮೇಲೆ ಆ ತರಗತಿಯಲ್ಲಿ ಯಾರೂ ದೂರು ಹೇಳಲಿಲ್ಲ. ಪಾಠ ಸರಿಹೋಯಿತೆಂದು ನಾನು ನಂಬಿದ್ದೆ.