ಸಬಕಿನಲ್ಲಿ ತೂಕಡಿಸುವ ಹುಡುಗಿ ಸೋಮಾರಿಯಲ್ಲ

ರಜೆಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನಮ್ಮ ಮನೆಯವರು ಗೋಕರ್ಣದ ಓಂ ಬೀಚಿಗೆ ಹೋಗುವುದುಂಟು. ಇಳಿಯುವಾಗ ಮಕ್ಕಳೆಲ್ಲ ಓಡುತ್ತಾರೆ. ವಾಪಸ್ ಮೆಟ್ಟಿಲು ಹತ್ತುವಾಗ ಹದಿನಾಲ್ಕರ ಹುಡುಗಿ ಅರ್ಧಕ್ಕೇ ಕೂತು ಏದುಸಿರು ಬಿಡುತ್ತಾಳೆ. "ಮೊಬೈಲ್ ನೋಡಿ ನೋಡಿ ಹೀಗಾದಳು" ಅಂತ ಎಲ್ಲರೂ ನಗುತ್ತಾರೆ. ಮದ್ರಸದಲ್ಲಿ ಸಬಕ್ ಹೇಳುವಾಗ ತೂಕಡಿಸಿ ಬೈಸಿಕೊಳ್ಳುವವಳೂ ಅವಳೇ. ಬಯ್ಯುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59, ಹುಡುಗರಲ್ಲಿ ಶೇ. 31 ಮಂದಿಗೆ ರಕ್ತಹೀನತೆ ಇದೆ. ಈ ವಯಸ್ಸಿನ ಹುಡುಗಿಯರಿಗೆ ಹಿಮೋಗ್ಲೋಬಿನ್ 12 ಗ್ರಾಂ, ಹುಡುಗರಿಗೆ 13 ಗ್ರಾಂಗಿಂತ ಕಡಿಮೆ ಇರಬಾರದು. ಸುಸ್ತು, ತಲೆಸುತ್ತು, ಬಿಳಿಚಿದ ಕಣ್ಣರೆಪ್ಪೆ, ಪಾಠ ನೆನಪಿಲ್ಲದಿರುವುದು ಇದರ ಲಕ್ಷಣಗಳು.

ಬೆಳೆಯುವ ವಯಸ್ಸು, ಜೊತೆಗೆ ತಿಂಗಳ ಮುಟ್ಟು. ರಕ್ತಸ್ರಾವ ಹೆಚ್ಚಿದ್ದರೂ ನಾಚಿಕೆಯಿಂದ ಉಮ್ಮನ ಹತ್ತಿರವೂ ಹೇಳುವುದಿಲ್ಲ. ಉಮ್ಮಂದಿರೇ ಕೇಳಬೇಕು. ಬರಿಗಾಲಲ್ಲಿ ಓಡಾಡಿದರೆ ಹೊಟ್ಟೆ ಸೇರುವ ಕೊಕ್ಕೆಹುಳವೂ ರಕ್ತ ಹೀರುತ್ತದೆ. ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ.

ಮದ್ದು ನಮ್ಮ ಅಡುಗೆಮನೆಯಲ್ಲೂ ಇದೆ. ಓಂ ಬೀಚಿನಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಅಘನಾಶಿನಿ ಅಳಿವೆ. ನೀರಿಳಿದಾಗ ಅಲ್ಲಿ ಹೆಕ್ಕುವ ಬಳಚು, ಅಂದರೆ ಮಂಗಳೂರು ಕಡೆಯ ಮರ್ವಾಯಿ, ಕಬ್ಬಿಣಾಂಶದ ಒಳ್ಳೆಯ ಮೂಲ. ಹನಫಿ ಮನೆಗಳಲ್ಲಿ ಚಿಪ್ಪಿನದು ತಿನ್ನುವುದಿಲ್ಲ. ಅವರಿಗೆ ಮಾಂಸ, ಮೀನು ಇವೆ. ಹರಿಯುವ ರಕ್ತ ಹರಾಮ್, ಆದರೆ ಪಿತ್ತಜನಕಾಂಗ ಹಲಾಲ್ ಎಂದು ಮದ್ರಸದ ಮಕ್ಕಳೂ ಬಲ್ಲರು. ಅದರಲ್ಲಿ ಕಬ್ಬಿಣಾಂಶ ಧಾರಾಳ. ಇದೆಲ್ಲ ಗಂಡುಮಕ್ಕಳ ತಟ್ಟೆಗೆ ಮೊದಲು ಹೋಗಿ, ಹೆಣ್ಣುಮಕ್ಕಳಿಗೆ ಸಾರು ಮಾತ್ರ ಉಳಿಯಬಾರದು. ನುಗ್ಗೆಸೊಪ್ಪು, ಹರಿವೆ, ಹುರುಳಿಯೂ ಬೇಕು. ಮೇಲೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಪತ್ತಿರ್ ಜೊತೆ ಚಹಾ ನಮ್ಮ ಅಭ್ಯಾಸ, ಆದರೆ ಚಹಾ ಕಬ್ಬಿಣಾಂಶವನ್ನು ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಮಲ ಕಪ್ಪಾಯಿತೆಂದು ಹೆದರಿ ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುತ್ತಾರೆ. ಕಪ್ಪಾಗುವುದು ಸಹಜ, ಅಪಾಯವಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು, ಊಟದ ನಂತರ ನುಂಗಲಿ. ಈ ಮಾತ್ರೆ ಸಾಮಾನ್ಯವಾಗಿ ಸೋಮವಾರ ಕೊಡುವುದು. ಅಂದು ಸುನ್ನತ್ ನೋಂಬು ಇರುವವಳು ಟೀಚರಿಗೆ ಹೇಳಿ ಮಾತ್ರೆ ಮನೆಗೆ ತಂದು, ಮಗ್‌ರಿಬ್ ಬಳಿಕ ಊಟ ಮಾಡಿ ನುಂಗಲಿ. ರಮಳಾನಿನಲ್ಲೂ ಹಾಗೆಯೇ. ರಕ್ತ ತೀರಾ ಕಡಿಮೆ ಇದ್ದರೆ ವಾರದ ಮಾತ್ರೆ ಸಾಲದು, ಡಾಕ್ಟರರು ಹೇಳಿದಷ್ಟು ದಿನ ಮದ್ದು ಬೇಕು.

ಮದುವೆ ಮಾತುಕತೆಯಲ್ಲಿ ಚಿನ್ನದ ಗ್ರಾಂ ಲೆಕ್ಕ ಹಾಕುತ್ತೇವೆ, ಹುಡುಗಿಯ ಹಿಮೋಗ್ಲೋಬಿನ್ ಎಷ್ಟು ಗ್ರಾಂ ಎಂದು ಯಾರೂ ಕೇಳುವುದಿಲ್ಲ. ರಕ್ತವಿಲ್ಲದೆ ಬಸುರಿಯಾದರೆ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರಿಗೂ ಅಪಾಯ. ಮಕ್ಕಳ ಶರೀರ ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್. ಈ ವಾರವೇ ಮಗಳನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ.