ಹೆಪ್ಪಿನ ಜೀವಿಗಳೂ ಸೆಲೀನಿಯಮ್ ಎಂಬ ಮೂಲವಸ್ತುವೂ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ತಂದೆಯವರು ಗುಳಿಗೆಗಳ ಒಂದು ಪುಟ್ಟ ಸೀಸೆಯನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದರು. “ಮಾಸ್ಟ್ರೇ, ಮೊಸರಿನಲ್ಲಿರುವಂಥ ಜೀವಿಗಳಿಗೆ ಸೆಲೀನಿಯಮ್ ಎಂಬುದನ್ನು ಉಣಿಸಿ ಇದನ್ನು ಮಾಡಿದ್ದಾರಂತೆ. ಹುಡುಗನ ಮೈಗೆ ಬಲ ಬರುತ್ತದೆ ಎಂದರು. ಇದಕ್ಕೆ ನನ್ನ ಎರಡು ದಿನದ ಕೂಲಿ ಹೋಯಿತು. ಕೊಡಬಹುದೋ?” ಎಂದು ಕೇಳಿದರು. ಅಂದು ನಾನು ಕೊಟ್ಟ ಉತ್ತರವು ಚಿಕ್ಕದು. ಅದರ ಹಿಂದಿರುವ ವಿಷಯವಾದರೋ ದೊಡ್ಡದು. ವಿದ್ಯಾರ್ಥಿಗಳಿಗೂ ಪಾಲಕರಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ವಿವರಿಸುತ್ತೇನೆ.

ಸೆಲೀನಿಯಮ್ ಒಂದು ಮೂಲವಸ್ತು. ಸ್ವೀಡನ್ ದೇಶದ ರಸಾಯನಶಾಸ್ತ್ರಜ್ಞನಾದ ಬರ್ಜೀಲಿಯಸನು 1817ರಲ್ಲಿ ಗಂಧಕಾಮ್ಲದ ಕಾರ್ಖಾನೆಯೊಂದರ ಗಸಿಯಲ್ಲಿ ಇದನ್ನು ಕಂಡುಹಿಡಿದು, ಗ್ರೀಕರ ಚಂದ್ರದೇವತೆಯಾದ ಸೆಲೀನೆಯ ಹೆಸರನ್ನು ಇದಕ್ಕಿಟ್ಟನು. ಮೂಲವಸ್ತುಗಳ ಕೋಷ್ಟಕದಲ್ಲಿ ಗಂಧಕವು 16ನೆಯದು. ಅದೇ ಕಂಬದಲ್ಲಿ ಅದರ ಕೆಳಗಿರುವ ಸೆಲೀನಿಯಮ್ 34ನೆಯದು. ಇವೆರಡೂ ದಾಯಾದಿಗಳಿದ್ದಂತೆ, ಗುಣದಲ್ಲಿ ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಈ ಹೋಲಿಕೆಯನ್ನು ನೆನಪಿನಲ್ಲಿಡಬೇಕು.

ಬಹುಕಾಲದವರೆಗೆ ಸೆಲೀನಿಯಮ್ ವಿಷವೆಂದೇ ಪ್ರಸಿದ್ಧವಾಗಿತ್ತು. 1957ರಲ್ಲಿ ಅಮೆರಿಕದಲ್ಲಿ ಕ್ಲಾಸ್ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ಎಂಬವರು, ಇಲಿಗಳ ಯಕೃತ್ತು ಕೆಡದಂತೆ ಅತ್ಯಲ್ಪ ಸೆಲೀನಿಯಮ್ ತಡೆಯುತ್ತದೆಂದು ತೋರಿಸಿದರು. ಚೀನದ ಕೆಶಾನ್ ಎಂಬಲ್ಲಿ 1935ರಲ್ಲಿ ಹಬ್ಬಿದ ಹೃದ್ರೋಗಕ್ಕೆ ಮಣ್ಣಿನಲ್ಲಿ ಈ ವಸ್ತುವಿನ ಕೊರತೆಯು ಮುಖ್ಯ ಕಾರಣವೆಂದು ಮುಂದೆ ತಿಳಿದುಬಂತು. ಅದಕ್ಕೆ ಬಲಿಯಾದವರಲ್ಲಿ ಮಕ್ಕಳೂ ತಾಯಂದಿರೂ ಹೆಚ್ಚು.

ಇನ್ನು ಪ್ರೋಟೀನಿನ ವಿಷಯ. ಅಕ್ಷರಗಳನ್ನು ಜೋಡಿಸಿ ಪದಗಳನ್ನು ಮಾಡುವಂತೆ, ಜೀವಕೋಶವು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಸರಪಣಿಯಾಗಿ ಪೋಣಿಸಿ ಪ್ರೋಟೀನನ್ನು ಕಟ್ಟುತ್ತದೆ. ಇವುಗಳಲ್ಲಿ ಸಿಸ್ಟೀನ್, ಮೆಥಿಯೊನೀನ್ ಎಂಬೆರಡರಲ್ಲಿ ಗಂಧಕವಿದೆ. ಸೆಲೀನಿಯಮ್ ಪ್ರೋಟೀನನ್ನು ಹೊಗುವುದು ಈ ಬಾಗಿಲಿನಿಂದಲೇ. ಹೊಗುವ ರೀತಿಗಳು ಮಾತ್ರ ಎರಡು.

ಮೊದಲನೆಯದು ಹೋಲಿಕೆಯಿಂದಾಗುವ ಅದಲುಬದಲು. ಹಾಲನ್ನು ಹುಳಿಗೊಳಿಸುವ ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಏಕಾಣುಜೀವಿಗಳನ್ನು ಸೆಲೀನೈಟ್ ಎಂಬ ಲವಣವನ್ನು ಬೆರೆಸಿದ ದ್ರವದಲ್ಲಿ ಬೆಳೆಸಿದರೆ ಅವು ಅದನ್ನು ಹೀರಿಕೊಳ್ಳುತ್ತವೆ. ಅದರಲ್ಲಿ ಒಂದು ಭಾಗವನ್ನು ಕೆಂಪು ಸೆಲೀನಿಯಮಿನ ಅತಿಸೂಕ್ಷ್ಮ ಕಣಗಳನ್ನಾಗಿ ಮಾರ್ಪಡಿಸಿ ವಿಷವನ್ನು ಕಳೆದುಕೊಳ್ಳುತ್ತವೆ. ಆಗ ದ್ರವವೇ ಕೆಂಬಣ್ಣಕ್ಕೆ ತಿರುಗುವುದುಂಟು. ಇನ್ನೊಂದು ಭಾಗವು ಗಂಧಕದ ಸ್ಥಾನದಲ್ಲಿ ಕುಳಿತು, ಸಿಸ್ಟೀನಿಗೆ ಬದಲಾಗಿ ಸೆಲೀನೋಸಿಸ್ಟೀನ್, ಮೆಥಿಯೊನೀನಿಗೆ ಬದಲಾಗಿ ಸೆಲೀನೋಮೆಥಿಯೊನೀನ್ ಉಂಟಾಗುತ್ತವೆ. ಪ್ರೋಟೀನು ಕಟ್ಟುವ ಯಂತ್ರಕ್ಕೆ ಮೆಥಿಯೊನೀನಿಗೂ ಅದರ ಸೆಲೀನಿಯಮ್ ರೂಪಕ್ಕೂ ಭೇದ ಸುಲಭವಾಗಿ ತಿಳಿಯದು, ಸಿಕ್ಕಿದ್ದನ್ನು ಪೋಣಿಸಿಬಿಡುತ್ತದೆ. ಇಲ್ಲಿ ಉದ್ದೇಶವಿಲ್ಲ, ಅವಳಿ ಮಕ್ಕಳಲ್ಲಿ ಒಬ್ಬನ ಬೆಂಚಿನಲ್ಲಿ ಇನ್ನೊಬ್ಬನು ಕುಳಿತಂತೆ.

ಎರಡನೆಯದು ನಿಯಮಬದ್ಧವಾದುದು, ಹೆಚ್ಚು ಸ್ವಾರಸ್ಯವಾದುದು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಜೀವಿಯಲ್ಲಿ ಇದನ್ನು ವಿವರವಾಗಿ ಅಭ್ಯಸಿಸಿದ್ದಾರೆ. ಈ ಜಾತಿಯಲ್ಲಿ ರೋಗ ತರುವ ತಳಿಗಳಿರುವಂತೆ ಹಿತಕರವಾದವೂ ಇವೆ; ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ ಬೇರ್ಪಡಿಸಿದ ತಳಿಯನ್ನು ಇಂದಿಗೂ ಔಷಧವಾಗಿ ಬಳಸುತ್ತಾರೆ.

ಜೀವಕೋಶದ ಆಜ್ಞಾಪತ್ರವನ್ನು ಮೂರು ಮೂರು ಅಕ್ಷರಗಳ ಗುಂಪುಗಳಾಗಿ ಓದಲಾಗುತ್ತದೆ. ಅದರಲ್ಲಿ ‘ಯುಜಿಎ’ ಎಂಬ ಗುಂಪು ಸಾಮಾನ್ಯವಾಗಿ ಪೂರ್ಣವಿರಾಮ. ಅಲ್ಲಿಗೆ ಪ್ರೋಟೀನು ಮುಗಿಯಿತೆಂದು ಅರ್ಥ. ಆದರೆ ಕೆಲವೆಡೆ ಈ ವಿರಾಮದ ಒಡನೆಯೇ ಆಜ್ಞಾಪತ್ರವು ಕೂದಲಪಿನ್ನಿನಂತೆ ಮಡಚಿಕೊಂಡಿರುತ್ತದೆ. ಈ ಮಡಿಕೆಯಿದ್ದಲ್ಲಿ ಪೂರ್ಣವಿರಾಮವನ್ನು ವಿರಾಮವೆಂದು ಓದದೆ ‘ಸೆಲೀನೋಸಿಸ್ಟೀನನ್ನು ಸೇರಿಸು’ ಎಂದು ಓದಬೇಕು. ಈ ಸಂಗತಿ ಹೊರಬಿದ್ದುದು 1986ರಲ್ಲಿ. ಇದಕ್ಕಾಗಿ ನಾಲ್ವರು ಕೆಲಸಗಾರರಿದ್ದಾರೆ. ಸೆಲ್-ಸಿ ಎಂಬುದು ಹೊರೆ ಹೊರುವ ವಾಹಕ. ಮೊದಲು ಅದರ ಮೇಲೆ ಸೆರೀನ್ ಎಂಬ ಸಾಧಾರಣ ಅಮೈನೋ ಆಮ್ಲವು ಏರುತ್ತದೆ. ಸೆಲ್-ಡಿ ಎಂಬುದು ಸೆಲೀನಿಯಮನ್ನು ರಂಜಕದೊಡನೆ ಕೂಡಿಸಿ ಸಿದ್ಧಗೊಳಿಸುತ್ತದೆ. ಸೆಲ್-ಎ ಅದನ್ನು ಪಡೆದು, ವಾಹಕದ ಮೇಲಿರುವಾಗಲೇ ಸೆರೀನನ್ನು ಸೆಲೀನೋಸಿಸ್ಟೀನಾಗಿ ಮಾರ್ಪಡಿಸುತ್ತದೆ. ಸೆಲ್-ಬಿ ಮಡಿಕೆಯನ್ನು ಗುರುತಿಸಿ ವಾಹಕವನ್ನು ಸರಿಯಾದ ಸ್ಥಳಕ್ಕೆ ಮುಟ್ಟಿಸುತ್ತದೆ. ಆದುದರಿಂದಲೇ ಸೆಲೀನೋಸಿಸ್ಟೀನಿಗೆ ಇಪ್ಪತ್ತೊಂದನೆಯ ಅಮೈನೋ ಆಮ್ಲವೆಂಬ ಗೌರವ ಸಂದಿದೆ.

ಇಷ್ಟೆಲ್ಲ ಶ್ರಮ ಏತಕ್ಕೆ? ಇ. ಕೋಲೈ ಜೀವಿಯು ಫಾರ್ಮಿಕಾಮ್ಲದ ಲವಣವನ್ನು ವಿಭಜಿಸಲು ಬಳಸುವ ಕಿಣ್ವವೊಂದರ ಹೃದಯಸ್ಥಾನದಲ್ಲಿ ಸೆಲೀನಿಯಮ್ ಇದೆ. ಅದರ ಬದಲು ಗಂಧಕವನ್ನಿಟ್ಟು ನೋಡಿದಾಗ ಕಿಣ್ವದ ವೇಗವು ಸುಮಾರು 300 ಪಟ್ಟು ತಗ್ಗಿತು! ದಾಯಾದಿಗಳು ಒಂದೇ ರೂಪದವರಾದರೂ ಒಂದೇ ಸಾಮರ್ಥ್ಯದವರಲ್ಲ. ನಮ್ಮ ದೇಹದಲ್ಲಿಯೂ ಈ ಬಗೆಯ ಪ್ರೋಟೀನುಗಳಿಗೆ 25 ಜೀನುಗಳಿವೆ. ಕೋಶಗಳನ್ನು ಕೆಡಿಸುವ ಪೆರಾಕ್ಸೈಡುಗಳನ್ನು ನಾಶಮಾಡುವುದು, ಥೈರಾಯ್ಡ್ ಗ್ರಂಥಿಯ ರಸವನ್ನು ಕಾರ್ಯಸಮರ್ಥವಾಗಿಸುವುದು ಇವುಗಳ ಕೆಲಸಗಳಲ್ಲಿ ಸೇರಿವೆ.

ಹಾಗಾದರೆ ಏಕಾಣುಜೀವಿಯು ಕಟ್ಟಿದ ಪ್ರೋಟೀನನ್ನು ನಾವು ನುಂಗಿದರೆ ಅದು ನೇರವಾಗಿ ನಮ್ಮ ಪ್ರೋಟೀನಾಗುವುದೆ? ಇಲ್ಲ. ಅಕ್ಕಸಾಲಿಗನು ಹಳೆಯ ಒಡವೆಯನ್ನು ಕರಗಿಸಿ ಹೊಸದನ್ನು ಮಾಡುವಂತೆ, ನಮ್ಮ ದೇಹವು ಅದನ್ನು ಜೀರ್ಣಿಸಿ, ಸೆಲೀನಿಯಮನ್ನು ಬಿಡಿಸಿಕೊಂಡು, ತನ್ನ ಸೆಲೀನೋಸಿಸ್ಟೀನನ್ನು ತಾನೇ ಹೊಸದಾಗಿ ರಚಿಸುತ್ತದೆ. ಇನ್ನೊಂದು ಮಾತು: ಯಾವ ಜೀವಿಯೂ ಸೆಲೀನಿಯಮನ್ನು ಸೃಷ್ಟಿಸಲಾರದು. ಮನೆಯ ಮೊಸರಿನಲ್ಲಿರುವುದು ಹಾಲಿನಲ್ಲಿದ್ದಷ್ಟೇ.

ಪ್ರಮಾಣವೇ ಇಲ್ಲಿ ಮುಖ್ಯ. ಅಮೆರಿಕದ ತಜ್ಞರ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ 55 ಮೈಕ್ರೊಗ್ರಾಂ ಸಾಕು. ಒಂದು ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. 400 ಮೈಕ್ರೊಗ್ರಾಂ ಮೀರಬಾರದು. ಮಕ್ಕಳಿಗೆ ಈ ಎರಡು ಮಿತಿಗಳೂ ಇನ್ನೂ ಕಡಿಮೆ. ಅತಿಯಾದರೆ ಕೂದಲು ಉದುರುತ್ತದೆ, ಉಗುರು ಕೆಡುತ್ತದೆ. ಪಂಜಾಬಿನ ನವಾನ್‌ಶಹರ, ಹೋಶಿಯಾರ್‌ಪುರ ಜಿಲ್ಲೆಗಳ ಕೆಲವು ಹೊಲಗಳಲ್ಲಿ ಸೆಲೀನಿಯಮ್ ಹೆಚ್ಚಾಗಿದ್ದು, ಅಲ್ಲಿನ ಮೇವನ್ನು ತಿಂದ ದನಕರುಗಳ ಗೊರಸುಗಳು ಕೆಟ್ಟುದುಂಟು.

ಆ ತಂದೆಯವರಿಗೆ ನಾನು ಹೇಳಿದುದಿಷ್ಟೆ: “ವೈದ್ಯರು ಪರೀಕ್ಷಿಸಿ ಕೊರತೆಯಿದೆ ಎನ್ನದ ಹೊರತು ಇದನ್ನು ಹುಡುಗನಿಗೆ ಕೊಡಬೇಡಿ. ನಮ್ಮ ಕರಾವಳಿಯ ಬೂತಾಯಿ, ಬಂಗುಡೆಗಳಲ್ಲಿ ಸೆಲೀನಿಯಮ್ ಚೆನ್ನಾಗಿದೆ. ಮೀನು ತಿನ್ನದವರಿಗೆ ಧಾನ್ಯ, ಬೇಳೆ, ಹಾಲುಗಳಿಂದ ದೊರೆಯುತ್ತದೆ. ಮೊಸರನ್ನು ಅದರ ಗುಣಕ್ಕಾಗಿಯೇ ಉಣ್ಣಲಿ.” ಅವರು ಸೀಸೆಯನ್ನು ಅಂಗಡಿಗೆ ಹಿಂದಿರುಗಿಸಿದರು, ಅಂಗಡಿಯವರು ಅರ್ಧ ಹಣವನ್ನು ಮಾತ್ರ ಮರಳಿ ಕೊಟ್ಟರಂತೆ. ಮುಂದೆ ಯಾವ ಪಾಲಕರಿಗೂ ಆ ಅರ್ಧದ ನಷ್ಟವೂ ಆಗದಿರಲೆಂಬುದೇ ಈ ಲೇಖನದ ಉದ್ದೇಶ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕೆಂದು ಕೋರುತ್ತೇನೆ.