ಮೊಲ ಮೇವು ಬಿಟ್ಟಾಗ

ರೇಷ್ಮೆ ಹುಳು ಮೇವು ಬಿಟ್ಟರೆ ಕೊಳ್ಳೇಗಾಲದ ಸೀಮೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಹುಳು ಜ್ವರಕ್ಕೆ ಕೂತಿದೆ ಅನ್ನುತ್ತಾರೆ, ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಾರೆ, ತಟ್ಟೆ ಒಣಗಲೆಂದು ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಸುಮ್ಮನಾಗುತ್ತಾರೆ. ಪೊರೆ ಕಳಚಿದ ಹುಳು ಹಸಿದುಕೊಂಡೇ ಏಳುತ್ತದೆ. ಅದರ ಬದುಕಿನಲ್ಲಿ ಇಂಥ ಜ್ವರ ನಾಲ್ಕು. ಅದೇ ಮನೆಯ ಜಗಲಿಯ ಬೋನಿನಲ್ಲಿರುವ ಮೊಲ ಮೇವು ಬಿಟ್ಟಿತೆನ್ನಿ, ಆಗ ಸುಮ್ಮನಿರುವ ಹಾಗಿಲ್ಲ. ಬೆಳಿಗ್ಗೆ ತಿನ್ನದ ಮೊಲವನ್ನು ಸಂಜೆ ನೋಡೋಣ ಎಂದು ಬಿಟ್ಟರೆ ಹನ್ನೆರಡು ಗಂಟೆ ಕಳೆದುಹೋಗಿರುತ್ತದೆ. ಮೊಲ ಬಲ್ಲ ವೈದ್ಯರ ಲೆಕ್ಕದಲ್ಲಿ ಅದು ತುರ್ತು ಸ್ಥಿತಿ.

ಕಾರಣ ಅದರ ಹೊಟ್ಟೆಯಲ್ಲಿದೆ. ಹಸುವಿನ ಹುದುಗು ತೊಟ್ಟಿ ಮುಂದಿದೆ: ನುಂಗಿದ ಹುಲ್ಲು ಮೊದಲು ಅಲ್ಲಿ ಕೊಳೆತು, ಮೆಲುಕಿಗೆ ಬಂದು, ಆಮೇಲೆ ಮುಂದಕ್ಕೆ ಹೋಗುತ್ತದೆ. ಮೊಲದ ತೊಟ್ಟಿ ಹಿಂದಿದೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆ ಅಂಧಕರುಳು ಎಂಬ ದೊಡ್ಡ ಚೀಲವಿದ್ದು, ಹೊಟ್ಟೆಯ ಬಹುಭಾಗವನ್ನು ಅದೇ ತುಂಬಿಕೊಂಡಿರುತ್ತದೆ. ಒರಟು ನಾರು ಅದರೊಳಗೆ ಹೋಗದೆ ಬೇಗ ಬೇಗ ಗುಂಡು ಹಿಕ್ಕೆಯಾಗಿ ಹೊರಬೀಳುತ್ತದೆ. ನುಣ್ಣನೆಯ ಅಂಶ ಮಾತ್ರ ಚೀಲಕ್ಕೆ ತಿರುಗಿ, ಅಲ್ಲಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಹದಗೊಂಡು, ದ್ರಾಕ್ಷಿ ಗೊಂಚಲಿನ ಆಕಾರದ ಮೆತ್ತನೆಯ ಹಿಕ್ಕೆಯಾಗುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಲು ಬಿಡದೆ ಬಾಯಿಟ್ಟು ತಿನ್ನುತ್ತದೆ. ಅಸಹ್ಯಪಡಬೇಕಿಲ್ಲ, ಅದರ ಬಿ ವಿಟಮಿನ್ನು, ಪ್ರೋಟೀನು ಬರುವುದು ಅಲ್ಲಿಂದಲೇ. ಈ ಯಂತ್ರ ನಡೆಯುವುದು ನಾರಿನ ತಳ್ಳುವಿಕೆಯಿಂದ. ನಾರು ಬರುವುದು ನಿಂತರೆ ಕರುಳಿನ ಚಲನೆ ನಿಧಾನವಾಗುತ್ತದೆ, ಒಳಗಿನದು ಒಣಗಿ ಗಟ್ಟಿಯಾಗುತ್ತದೆ, ಗಾಳಿ ತುಂಬುತ್ತದೆ, ನೋವು ಶುರುವಾಗುತ್ತದೆ, ನೋವಿಗೆ ಮೊಲ ಇನ್ನಷ್ಟು ತಿನ್ನದಾಗುತ್ತದೆ. ವಾಂತಿ ಮಾಡಿಕೊಂಡು ಹಗುರಾಗುವ ದಾರಿಯೂ ಅದಕ್ಕಿಲ್ಲ.

ಮೊಲ ಕೂಗಿ ಹೇಳುವ ಪ್ರಾಣಿಯೂ ಅಲ್ಲ. ನರಿ, ಹದ್ದು, ಕಾಡುಬೆಕ್ಕುಗಳ ಬಾಯಿಗೆ ಬೀಳುವ ಜೀವ ನೋವನ್ನು ತೋರಿಸಿಕೊಂಡು ಬಾಳಲಾರದು. ಮುಖ ನೋಡಿ ಅದರ ನೋವನ್ನು ಅಳೆಯುವ ಒಂದು ಪಟ್ಟಿಯನ್ನು ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು: ಅರ್ಧ ಮುಚ್ಚಿದ ಕಣ್ಣು, ಚಪ್ಪಟೆಯಾದ ಕೆನ್ನೆ, ಚೂಪಾದ ಮೂಗಿನ ಹೊಳ್ಳೆ, ಬಿರುಸಾದ ಮೀಸೆ, ಹಿಂದಕ್ಕೆ ಮಡಿಚಿದ ಕಿವಿ. ಇದರ ಜೊತೆಗೆ ಕರಕರ ಹಲ್ಲು ಕಡಿಯುತ್ತ ಮೈ ಮುದುಡಿ ಕೂತಿದ್ದರೆ ಅನುಮಾನವೇ ಬೇಡ.

ಈ ಸೀಮೆಯ ತಾಲ್ಲೂಕುಗಳಲ್ಲಿ ದನದಾಸ್ಪತ್ರೆಗಳಿವೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನವೂ ಬರುತ್ತದೆ. ಆದರೆ ಆ ವ್ಯವಸ್ಥೆ ಕಟ್ಟಿರುವುದು ಹಸು, ಎಮ್ಮೆ, ಕುರಿ, ಮೇಕೆಗಾಗಿ. ಮೊಲವನ್ನು ದಿನವೂ ನೋಡುವ ವೈದ್ಯರು ಬೇಕೆಂದರೆ ಕೊಳ್ಳೇಗಾಲದಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರನ್ನೋ, ಬೆಂಗಳೂರನ್ನೋ ನೋಡಬೇಕು. ಹನೂರಿನಾಚೆ ಮಹದೇಶ್ವರ ಬೆಟ್ಟದ ಕಡೆಯವರಿಗಂತೂ ಕೊಳ್ಳೇಗಾಲ ತಲುಪುವುದೇ ಒಂದು ಪ್ರಯಾಣ. ಮನೆಯಲ್ಲಿ ಇಡಬೇಕಾದ ತುರ್ತು ಪೆಟ್ಟಿಗೆಯ ಕೆಲಸ ರೋಗ ವಾಸಿ ಮಾಡುವುದಲ್ಲ, ಈ ದಾರಿಗೆ ಬೇಕಾದ ಕೆಲವು ಗಂಟೆಗಳನ್ನು ಗಳಿಸಿಕೊಡುವುದು. ಇದನ್ನು ನೆನಪಿಟ್ಟರೆ ಪೆಟ್ಟಿಗೆಯಲ್ಲಿ ಏನಿರಬೇಕು, ಅದಕ್ಕಿಂತ ಮುಖ್ಯವಾಗಿ ಏನಿರಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇರಬಾರದ್ದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದು ಎಲ್ಲರ ಮನೆಯಲ್ಲೂ ಇದೆ. ಮಕ್ಕಳಿಗೆ ಕೆಮ್ಮು ಬಂದಾಗ ತಂದು ಅರ್ಧ ಉಳಿಸಿದ ಅಮಾಕ್ಸಿಸಿಲಿನ್ ಸಿರಪ್ಪು ಮೊಲದ ಬಾಯಿಗೆ ಹೋದರೆ ವಿಷ. ಅಂಧಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಅದರಿಂದ ಸಾಯುತ್ತವೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಹಬ್ಬಿ ನಂಜು ಉಗುಳುತ್ತದೆ, ಭೇದಿಯಾಗಿ ಮೊಲ ಕೆಲವೇ ದಿನಗಳಲ್ಲಿ ಸಾಯಬಹುದು. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್ ಇವೂ ಅದೇ ಸಾಲಿನವು. ವಿಚಿತ್ರವೆಂದರೆ ಪೆನಿಸಿಲಿನ್ ಅನ್ನು ಚರ್ಮದಡಿಯ ಸೂಜಿಯಾಗಿ ಮೊಲಕ್ಕೆ ವೈದ್ಯರೇ ಕೊಡುವುದುಂಟು. ಕರುಳಿನ ದಾರಿ ತಪ್ಪಿಸಿದ್ದರಿಂದ ಅಪಾಯ ತಗ್ಗುತ್ತದೆ. ಅಂದರೆ ಔಷಧಿಯಷ್ಟೇ ಮುಖ್ಯ ಅದು ಒಳಹೋಗುವ ಬಾಗಿಲು. ಮೆಡಿಕಲ್ ಶಾಪಿನಲ್ಲಿ ಕೇಳಿ ತಿಳಿಯುವ ವಿಷಯವಲ್ಲ ಇದು.

ಇನ್ನೊಂದು ಫಿಪ್ರೊನಿಲ್. ನಾಯಿಯ ಉಣ್ಣೆಗೆ ಹಾಕುವ ಸ್ಪ್ರೇ, ಕುತ್ತಿಗೆಗೆ ಬಿಡುವ ಹನಿ, ಕಬ್ಬಿನ ಗದ್ದೆಗೆ ಹಾಕುವ ಕೀಟನಾಶಕ ಎಲ್ಲದರಲ್ಲೂ ಇರುವ ಈ ರಾಸಾಯನಿಕ ನಾಯಿಗೆ ಒಗ್ಗುತ್ತದೆ, ಮೊಲಕ್ಕೆ ಒಗ್ಗುವುದಿಲ್ಲ. ಫಿಟ್ಸ್ ಬಂದು ಸತ್ತ ಮೊಲಗಳ ದಾಖಲೆ ಬೇಕಾದಷ್ಟಿದೆ. ಮೊಲದ ಕಿವಿಯಲ್ಲಿ ಕಜ್ಜಿ ಕಟ್ಟಿ ಹಕ್ಕಳೆ ಎದ್ದಿದ್ದರೆ ಅದು ಸಾಮಾನ್ಯವಾಗಿ ನುಸಿಯ ಕೆಲಸ. ಅದಕ್ಕೆ ಐವರ್ಮೆಕ್ಟಿನ್ ಇದೆ, ವೈದ್ಯರು ತೂಕ ನೋಡಿ ಕೊಡುತ್ತಾರೆ. ಹಕ್ಕಳೆಯನ್ನು ಕಿತ್ತು ಎಣ್ಣೆ ಸವರುವ ಉತ್ಸಾಹ ಬೇಡ, ಅಡಿಯ ಚರ್ಮ ಹಸಿಗಾಯವಾಗಿರುತ್ತದೆ. ದನದ ಗಾಯದ ಹುಳುವಿಗೆ ಬಿಡುವ ಟರ್ಪೆಂಟೈನು, ಫಿನಾಯಿಲು, ಡೆಟಾಲು ಇವೂ ಪೆಟ್ಟಿಗೆಯ ಹೊರಗೇ ಇರಲಿ. ಮೊಲದ ಚರ್ಮ ಕಾಗದದಷ್ಟು ತೆಳು, ಮೈಮೇಲೆ ಬಿದ್ದದ್ದನ್ನೆಲ್ಲ ಅದು ನೆಕ್ಕಿ ಒಳಗೆ ಹಾಕಿಕೊಳ್ಳುತ್ತದೆ.

ಈಗ ಇರಬೇಕಾದದ್ದು. ಮೊದಲನೆಯದು ಡಿಜಿಟಲ್ ಥರ್ಮಾಮೀಟರು, ತುದಿಗೆ ಹಚ್ಚಲು ಸ್ವಲ್ಪ ವ್ಯಾಸಲೀನು. ಮೊಲದ ಸಹಜ ದೇಹತಾಪ 38.5ರಿಂದ 40 ಡಿಗ್ರಿ ಸೆಲ್ಸಿಯಸ್. ನಮ್ಮ ಅಂಗಡಿಗಳ ಥರ್ಮಾಮೀಟರು ಫ್ಯಾರನ್‌ಹೀಟಿನಲ್ಲಿ 102 ತೋರಿಸಿದರೆ ಮಗುವಿಗೆ ಜ್ವರ, ಮೊಲಕ್ಕೆ ಆರೋಗ್ಯ. ಹೆದರಬೇಕಾದದ್ದು ಹೆಚ್ಚಿಗೆ ಮಾತ್ರವಲ್ಲ, ಕಡಿಮೆಗೂ. ತಿನ್ನದ ಮೊಲದ ಮೈ 38ಕ್ಕಿಂತ ಕೆಳಗಿಳಿದು ಕಿವಿ ತಣ್ಣಗಾಗಿದ್ದರೆ ಅದು ಆಘಾತಕ್ಕೆ ಜಾರುತ್ತಿದೆ. ಬಾಟಲಿಯಲ್ಲಿ ಬಿಸಿನೀರು ತುಂಬಿ, ಟವೆಲಿನಲ್ಲಿ ಸುತ್ತಿ ಮಗ್ಗುಲಿಗಿಡಿ. ಬೇಡವೆನಿಸಿದರೆ ಸರಿದು ಕೂರಲು ಜಾಗವಿರಲಿ.

ಎರಡನೆಯದು ಅಡುಗೆಮನೆಯ ಸಣ್ಣ ತಕ್ಕಡಿ. ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಕಣ್ಣಿಗೆ ಕಾಣದ ಕಾಯಿಲೆ ಅಂಕಿಯಲ್ಲಿ ಕಾಣುತ್ತದೆ. ಮೊಲದ ಹಲ್ಲು ಬದುಕಿರುವಷ್ಟೂ ಬೆಳೆಯುತ್ತಲೇ ಇರುತ್ತದೆ, ಮುಂದಿನ ಬಾಚಿಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರಿನಷ್ಟು. ಹುಲ್ಲು ಅಗಿದು ಸವೆಯದಿದ್ದರೆ ದವಡೆಹಲ್ಲಿನ ಅಂಚು ನಾಲಿಗೆಗೆ ಚುಚ್ಚುತ್ತದೆ. ಮೇವಿನ ಮುಂದೆ ಬಂದು, ಮೂಸಿ, ಬಿಟ್ಟು ಹೋಗುವ ಮೊಲದ ಕಥೆ ಹಲವು ಸಲ ಇದೇ. ತೂಕ ಅದನ್ನು ವಾರಗಳ ಮೊದಲೇ ಹೇಳಿರುತ್ತದೆ.

ಮೂರನೆಯದು ಸೂಜಿ ತೆಗೆದ ಸಿರಿಂಜುಗಳು, 1, 5, 10 ಮಿಲಿಲೀಟರಿನವು. ಹುಲ್ಲಿನ ಪುಡಿಯಿಂದ ಮಾಡಿದ ಆರೈಕೆಯ ಆಹಾರ ಆನ್‌ಲೈನಿನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಮೊಲದ ಪೆಲೆಟ್ಟನ್ನೇ ನೆನೆಸಿ, ಸಿರಿಂಜಿನಲ್ಲಿ ಸಿಕ್ಕದಂತೆ ನುಣ್ಣಗೆ ಮಾಡಿ ಕೊಡಬಹುದು. ಬಾಚಿಹಲ್ಲಿನ ಹಿಂದೆ ಪಕ್ಕದಲ್ಲಿರುವ ಸಂದಿಯಿಂದ, ಒಂದು ಸಲಕ್ಕೆ ಅರ್ಧ ಮಿಲಿಲೀಟರಿನಷ್ಟು, ಅಗಿದು ನುಂಗಲು ಬಿಟ್ಟು. ಬೆನ್ನಡಿ ಮಾಡಿ ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅಂಗಾತ ಮಲಗಿಸಿದಾಗ ಮೊಲ ಅಲುಗಾಡದೆ ಇರುವುದನ್ನು ಕಂಡು ಸುಖವಾಗಿದೆ ಎಂದುಕೊಳ್ಳುವವರಿದ್ದಾರೆ, ಅದು ಭಯಕ್ಕೆ ಮರಗಟ್ಟಿರುವುದು. ಒಂದು ಎಚ್ಚರ ಮಾತ್ರ ಮರೆಯಬಾರದು. ಹೊಟ್ಟೆ ಬಿಗಿದು ತಮಟೆಯ ಹಾಗಿದ್ದರೆ ಒಳಗೆ ಅಡಚಣೆ ಇರಬಹುದು, ಆಗ ಏನನ್ನೂ ಕುಡಿಸದೆ ನೇರ ವೈದ್ಯರ ಬಳಿಗೆ. ಮಕ್ಕಳ ಹೊಟ್ಟೆಯುಬ್ಬರಕ್ಕೆ ಕೊಡುವ ಸಿಮೆಥಿಕೋನ್ ಹನಿಯನ್ನು ಅನೇಕರು ನೆಚ್ಚಿಕೊಂಡಿದ್ದಾರೆ. ಹಾನಿಯಿಲ್ಲ, ಆದರೆ ಅದನ್ನು ಕೊಟ್ಟಾಯಿತೆಂದು ಹೊರಡುವುದನ್ನು ತಡಮಾಡಿದರೆ ಹಾನಿಯಿದೆ.

ಉಳಿದವು ಬೇಗ ಮುಗಿಯುತ್ತವೆ. ಗಾಯ ತೊಳೆಯಲು ಸಲೈನು; ತಿಳಿ ಟೀ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್; ಗಾಯದ ಪಟ್ಟಿಯ ಬಟ್ಟೆ, ಚಿಮಟ, ಟಾರ್ಚು, ಉಗುರು ಕತ್ತರಿ. ಉಗುರು ಮುರಿದು ರಕ್ತ ಬಂದರೆ ಜೋಳದ ಹಿಟ್ಟು ಒತ್ತಿ ಹಿಡಿದರೆ ಸಾಕು. ನೋವಿನ ಔಷಧಿ ಬೇಕೇ ಬೇಕು, ಆದರೆ ಮಾತ್ರೆ ಡಬ್ಬಿಯಿಂದಲ್ಲ. ಮೊಲ ಚೆನ್ನಾಗಿರುವಾಗಲೇ ಒಮ್ಮೆ ವೈದ್ಯರಿಗೆ ತೋರಿಸಿ, ಮೆಲಾಕ್ಸಿಕ್ಯಾಮ್ ಎಷ್ಟು, ಯಾವಾಗ ಕೊಡಬಹುದು, ಯಾವಾಗ ಕೊಡಬಾರದು ಎಂದು ಬರೆಸಿಕೊಂಡು ಬನ್ನಿ.

ಪೆಟ್ಟಿಗೆಯ ಉಳಿದ ಅರ್ಧ ಈ ಸೀಮೆಯ ಹುಳುಮನೆಯಲ್ಲಿ ಆಗಲೇ ಇದೆ ಎನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಗೋಡೆಯಲ್ಲಿ ತೂಗುಹಾಕಿದ ತಾಪಮಾಪಕವನ್ನೇ ನೋಡಿ. ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ ಬೇಕೆಂದು ಅದನ್ನು ದಿನಕ್ಕೆ ಹಲವು ಸಲ ನೋಡುವ ಮನೆಯವರಿಗೆ, ಮೊಲಕ್ಕೆ ಅದಕ್ಕಿಂತಲೂ ತಂಪು ಬೇಕು, 30 ದಾಟಿದರೆ ಕಷ್ಟ ಎಂದು ಹೇಳಿದರೆ ಮತ್ತೆ ವಿವರಿಸಬೇಕಿಲ್ಲ. ಕೊಳ್ಳೇಗಾಲದ ಏಪ್ರಿಲ್ಲಿನಲ್ಲಿ 35 ದಾಟುವುದು ಹೊಸದೂ ಅಲ್ಲ. ಮೊಲ ಬೆವರುವುದಿಲ್ಲ, ನಾಯಿಯ ಹಾಗೆ ಏದುಸಿರು ಬಿಟ್ಟು ತಣಿಯುವುದೂ ಸರಿಯಾಗಿ ಬಾರದು. ಅದರ ಶಾಖ ಹೊರಹೋಗುವುದು ಮುಖ್ಯವಾಗಿ ಕಿವಿಯ ರಕ್ತನಾಳಗಳಿಂದ. ಹುಳುಮನೆಯ ಕಿಟಕಿಗೆ ಕಟ್ಟುವ ಒದ್ದೆ ಗೋಣಿಚೀಲ ಬೋನಿನ ಮೇಲೂ ಕೆಲಸ ಮಾಡುತ್ತದೆ, ಗಾಳಿಯಾಡುತ್ತಿದ್ದರೆ. ಮೊಲ ಚಾಚಿಕೊಂಡು ಬಿದ್ದು, ಮೂಗು ಒದ್ದೆಯಾಗಿ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಕಿವಿಗೆ ತಂಪು ನೀರು ಸವರಿ, ಫ್ಯಾನಿನ ಮುಂದಿಟ್ಟು, ಹೊರಡಿ. ಐಸಿನಲ್ಲಿ ಅದ್ದಬೇಡಿ: ಚರ್ಮದ ರಕ್ತನಾಳ ಮುದುಡಿ ಶಾಖ ಒಳಗೇ ಉಳಿಯುತ್ತದೆ, ಗಾಬರಿಯೇ ಕೊಲ್ಲಲೂಬಹುದು.

ಇನ್ನು ನೈಲಾನ್ ಬಲೆ. ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟದ್ದು 1980ರಲ್ಲಿ, ಬಂಗಾಳದ ಕಡೆಯಿಂದ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಮರಿ ಒಳಗೆ ಕೊರೆದು ಹೋಗುವ ಆ ಹಾವಳಿಯ ಮೇಲೆಯೇ ಹುಳುಮನೆಗಳ ಬಾಗಿಲು ಕಿಟಕಿಗೆ ಬಲೆ ಬಂತು. ಮೊಲಕ್ಕೂ ಅದರದೇ ಒಂದು ನೊಣವಿದೆ, ಹಸಿರು ಮಿಂಚಿನ ಮಾಂಸದ ನೊಣ. ಮಳೆಗಾಲದಲ್ಲಿ ಮೊಲದ ಹಿಂಭಾಗದಲ್ಲಿ ಮೆತ್ತಿದ ಹಿಕ್ಕೆಯೋ ಮೂತ್ರದ ಒದ್ದೆಯೋ ಇದ್ದರೆ ಅಲ್ಲಿ ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಮರಿಯೊಡೆದು, ಬದುಕಿರುವ ಮೊಲದ ಮಾಂಸವನ್ನೇ ತಿನ್ನತೊಡಗುತ್ತವೆ. ದಪ್ಪ ಮೊಲ, ಮುದಿ ಮೊಲ, ಬಾಗಿ ಶುಚಿ ಮಾಡಿಕೊಳ್ಳಲಾರದ ಮೊಲಕ್ಕೆ ಇದು ಹೆಚ್ಚು. ಅದೇ ಬಲೆಯನ್ನು ಬೋನಿಗೂ ಸುತ್ತಿ, ದಿನಕ್ಕೆರಡು ಸಲ ಬಾಲದಡಿ ನೋಡಿ. ಹುಳು ಕಂಡರೆ ಚಿಮಟದಿಂದ ತೆಗೆಯುತ್ತ, ಉಗುರುಬೆಚ್ಚಗಿನ ಸಲೈನಿನಿಂದ ತೊಳೆದು, ಒಣಗಿಸಿ, ಅದೇ ದಿನ ಆಸ್ಪತ್ರೆಗೆ.

ಹಿಪ್ಪುನೇರಳೆ ಸೊಪ್ಪಿನ ಮಾತು ಬೇರೆಯೇ. ಮೇವು ಬಿಟ್ಟ ಮೊಲವನ್ನು ತಿನ್ನಲು ಎಬ್ಬಿಸುವ ರುಚಿ ಅದಕ್ಕಿದೆ. ಹುಳುವಿಗೆಂದು ಬೆಳೆದ ತೋಟದ ಸೊಪ್ಪಿಗೆ ಇನ್ನೊಂದು ಗುಣವಿದೆ: ಕೀಟನಾಶಕದ ಸೋಂಕು ಚೂರಿದ್ದರೂ ಹುಳುವೇ ಸಾಯುವುದರಿಂದ, ಔಷಧಿ ಹೊಡೆದ ತೋಟಕ್ಕೆ ರೈತ ಗಡುವು ಮುಗಿಯುವವರೆಗೆ ಕೈಹಾಕುವುದಿಲ್ಲ. ಸಂತೆಯ ಕೊತ್ತಂಬರಿ ಕಟ್ಟಿಗೆ ಅಂಥ ಕಾವಲುಗಾರ ಯಾರೂ ಇಲ್ಲ. ಆದರೂ ಸೊಪ್ಪೇ ಹೊಟ್ಟೆತುಂಬ ಬೇಡ. ಅದರಲ್ಲಿ ಪ್ರೋಟೀನು, ಸುಣ್ಣದಂಶ ಹೆಚ್ಚು, ನಾರು ಕಡಿಮೆ. ಮೊಲ ಹೆಚ್ಚಾದ ಸುಣ್ಣದಂಶವನ್ನೆಲ್ಲ ಮೂತ್ರದಲ್ಲಿ ಹಾಕುವುದರಿಂದ ಮೂತ್ರಕೋಶದಲ್ಲಿ ಕೆಸರು ಕಟ್ಟಬಹುದು. ಹೊಟ್ಟೆ ತುಂಬಬೇಕಾದದ್ದು ಗರಿಕೆಯಂಥ ಹುಲ್ಲು, ಬೂಷ್ಟು ಹಿಡಿಯದ ಒಣಹುಲ್ಲು. ಬಿಳಿಗಿರಿ ರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ತಪ್ಪಲಿನಲ್ಲಿ ಹಸಿರೆಂದು ಕಂಡದ್ದನ್ನೆಲ್ಲ ಕೊಯ್ದು ತರುವವರು ಲಾಂಟಾನವನ್ನು ಮಾತ್ರ ಮುಟ್ಟದಿರಲಿ, ಅದು ಯಕೃತ್ತಿಗೆ ವಿಷ. (ಮೂತ್ರ ಕೆಂಪಾಯಿತೆಂದು ಓಡಿಬರುವವರಿಗೊಂದು ಮಾತು: ತಿಂದ ಸೊಪ್ಪಿನ ಬಣ್ಣಕ್ಕೂ ಮೊಲದ ಮೂತ್ರ ಕೆಂಪಾಗುತ್ತದೆ. ಮೊಲ ಮುಕ್ಕರಿಯುತ್ತಿಲ್ಲ, ಚೆನ್ನಾಗಿ ತಿನ್ನುತ್ತಿದೆ ಎಂದಾದರೆ ಒಂದು ದಿನ ಕಾಯಬಹುದು. ಈ ಲೇಖನದಲ್ಲಿ ಕಾಯಿರಿ ಎಂದು ಹೇಳುತ್ತಿರುವುದು ಇದೊಂದಕ್ಕೆ.)

ಹೊಲದ ಬದುವಿನಲ್ಲಿ ಸಿಕ್ಕ ಮರಿಗೆ ಈ ಪೆಟ್ಟಿಗೆ ಬಿಚ್ಚಬೇಡಿ. ಅದು ನಮ್ಮ ಕಾಡುಮೊಲ. ಬೋನಿನ ಮೊಲ ಯುರೋಪಿನ ಬೇರೆಯೇ ಜಾತಿ. ಕಾಡುಮೊಲಕ್ಕೆ 48 ಕ್ರೋಮೋಸೋಮು, ಸಾಕುಮೊಲಕ್ಕೆ 44. ಸಾಕುಮೊಲದ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಕಾಡುಮೊಲದ ಮರಿ ಮೈತುಂಬ ಕೂದಲಿನೊಂದಿಗೆ, ಕಣ್ಣುಬಿಟ್ಟೇ ಹುಟ್ಟುತ್ತದೆ. ತಾಯಿ ಅದನ್ನು ಒಂಟಿಯಾಗಿ ಬಿಟ್ಟು ಹೋಗುವುದು ರೂಢಿ, ಹಾಲುಣಿಸಲು ಕತ್ತಲಾದ ಮೇಲೆ ಬರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದನ್ನು ಮನೆಗೆ ತರಬೇಡ ಎನ್ನುತ್ತದೆ.

ಹೊರಡುವಾಗ ಎತ್ತುವ ರೀತಿಯೂ ಚಿಕಿತ್ಸೆಯ ಭಾಗವೇ. ಸಂತೆಯಲ್ಲಿ ಕಿವಿ ಹಿಡಿದು ಮೇಲೆತ್ತುವುದನ್ನು ಎಲ್ಲರೂ ನೋಡಿದ್ದೇವೆ. ಮೊಲದ ಮೂಳೆಯೆಲ್ಲ ಸೇರಿದರೂ ಮೈತೂಕದ ನೂರಕ್ಕೆ ಏಳೆಂಟು ಪಾಲು ಮಾತ್ರ, ಹಿಂಗಾಲಿನ ಸ್ನಾಯುಗಳೋ ಬಲಶಾಲಿ. ಆಸರೆಯಿಲ್ಲದೆ ಒಮ್ಮೆ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ. ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲಿನಡಿ, ಟವೆಲಿನಲ್ಲಿ ಸುತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಕೂರಿಸಿ. ಬಸ್ಸಿನಲ್ಲಾದರೆ ಎಂಜಿನ್ನಿನ ಕಾವಿನಿಂದ ದೂರ.

ಜೊತೆಗೊಂದು ಚೀಟಿ: ಕೊನೆಗೆ ತಿಂದದ್ದು ಎಷ್ಟು ಗಂಟೆಗೆ, ಹಿಕ್ಕೆ ಹಾಕಿದ್ದು ಯಾವಾಗ, ದೇಹತಾಪ, ತೂಕ, ಏನೇನು ಕೊಟ್ಟಿರಿ. ಹಿಕ್ಕೆಯ ನಾಲ್ಕು ಗುಂಡುಗಳನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ, ಅದರ ಗಾತ್ರ ನೋಡಿಯೇ ವೈದ್ಯರು ಅರ್ಧ ತಿಳಿಯುತ್ತಾರೆ. ಮನೆಯಲ್ಲಿ ಜೋಡಿ ಮೊಲವಿದ್ದರೆ ಎರಡನ್ನೂ ಒಟ್ಟಿಗೇ ಕರೆದೊಯ್ಯಿರಿ. ಆಸ್ಪತ್ರೆಯ ವಾಸನೆ ಹೊತ್ತು ಒಂಟಿಯಾಗಿ ಮರಳಿದ ಮೊಲವನ್ನು ಮನೆಯಲ್ಲಿದ್ದದ್ದು ಪರಕೀಯನೆಂದು ಕಚ್ಚಿ ಓಡಿಸಿಬಿಡಬಹುದು.